ಸೇರಿ ದುಡಿಯುವ ಜಾಗಕ್ಕೆ ಕಷ್ಟ ಬಂದಾಗ

ಬೆಂಗಳೂರಿನ ಬಾಗಲಗುಂಟೆ, ಪೀಣ್ಯ ಕಡೆಯ ಸಣ್ಣ ಕಾರ್ಖಾನೆಗಳಲ್ಲಿ ಅನೇಕವು ನಡೆಯುವುದು ಬಾಡಿಗೆ ಷೆಡ್ಡುಗಳಲ್ಲಿ. 2020ರ ಮಾರ್ಚ್ 25ರಂದು ದೇಶಕ್ಕೆಲ್ಲ ಬೀಗ ಬಿದ್ದಾಗ ಅಲ್ಲಿನ ಯಂತ್ರಗಳು ನಿಂತವು. ಸಾಲದ ಬಡ್ಡಿ ಮಾತ್ರ ನಿಲ್ಲಲಿಲ್ಲ. ಹಲವರು ಸೇರಿ ದುಡಿಯುವ ಜಾಗವನ್ನು ಅಂಥ ಹೊತ್ತಿನಲ್ಲಿ ಯಾವುದು ಉಳಿಸುತ್ತದೆ? ನಮ್ಮಲ್ಲಿಯೂ ಪಲ್ಪರ್, ಒಣಗಿಸುವ ಕಣ, ಔಷಧಿ ಸಿಂಪಡಿಸುವ ಯಂತ್ರಗಳನ್ನು ಹಂಚಿಕೊಂಡವರು ಇದ್ದಾರೆ. ಆದ್ದರಿಂದ ಈ ಪ್ರಶ್ನೆ ನಮ್ಮದೂ ಹೌದು.

ಉತ್ತರ ಕಾಫಿಯ ಚರಿತ್ರೆಯಲ್ಲಿಯೇ ಇದೆ. ಕಾಫಿಯ ಪ್ರಚಾರಕ್ಕೆಂದು ತೆರೆದ ಇಂಡಿಯಾ ಕಾಫಿ ಹೌಸುಗಳನ್ನು 1950ರ ದಶಕದಲ್ಲಿ ಮುಚ್ಚಲು ಕಾಫಿ ಮಂಡಳಿ ನಿರ್ಧರಿಸಿತು. ನೌಕರರು ಬೀದಿಪಾಲಾಗುವ ಸಂದರ್ಭ. ಕಾರ್ಮಿಕ ಮುಖಂಡ ಎ. ಕೆ. ಗೋಪಾಲನ್ ಅವರ ಸಲಹೆಯಂತೆ ಅವರು ತಮ್ಮದೇ ಸಹಕಾರ ಸಂಘಗಳನ್ನು ಕಟ್ಟಿದರು. ಮೊದಲನೆಯದು 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಆರಂಭವಾಯಿತು. ನಿನ್ನೆ ಸಂಬಳಕ್ಕೆ ಲೋಟ ಹಿಡಿದವರು ಇಂದು ಸಂಘದ ಸದಸ್ಯರಾದರು.

2009ರಲ್ಲಿ ಮತ್ತೊಂದು ಪೆಟ್ಟು. ಮಹಾತ್ಮ ಗಾಂಧಿ ರಸ್ತೆಯಲ್ಲಿ ದಶಕಗಳಿಂದ ನಡೆದಿದ್ದ ಮನೆಯನ್ನು ತೆರವು ಮಾಡಬೇಕಾಯಿತು. ಸಂಘ ಚರ್ಚ್ ಸ್ಟ್ರೀಟಿಗೆ ಸಾಗಿ ಅಲ್ಲಿ ಬಾಗಿಲು ತೆರೆಯಿತು. ಗಿರಾಕಿಗಳೂ ಹಿಂದೆಯೇ ಹೋದರು. ಕಟ್ಟಡ ಕೈತಪ್ಪಿದರೂ ಕಸುಬು, ಸದಸ್ಯತ್ವ, ಹೆಸರು ಕೈಯಲ್ಲಿದ್ದವು.

ಇದರಿಂದ ನಾವು ಕಲಿಯತಕ್ಕದ್ದು ಮೂರು:

1. ಸಾಮೂಹಿಕ ಯಂತ್ರ, ಜಾಗಗಳ ಪತ್ರ ಒಬ್ಬರ ಹೆಸರಿನಲ್ಲಿರದೆ ಸಂಘದ ಹೆಸರಿನಲ್ಲಿರಲಿ. ಆ ಒಬ್ಬರು ತೀರಿಕೊಂಡರೆ ಅಥವಾ ತೋಟ ಮಾರಿದರೆ ಉಳಿದವರ ಕೊಯ್ಲು ಅತಂತ್ರವಾಗುತ್ತದೆ.

2. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪ್ ಮಾಡಬೇಕು. ಮಳೆ ಹಿಡಿದ ದಿನ ಯಂತ್ರ ಕೆಟ್ಟರೆ ಸರದಿ ಯಾರದು ಎಂಬ ಜಗಳಕ್ಕೆ ಹಣ್ಣು ಕಾಯುವುದಿಲ್ಲ. ಸರದಿಯ ನಿಯಮವನ್ನು ಕೊಯ್ಲಿಗೆ ಮುಂಚೆಯೇ ಬರೆದಿಡುವುದು ಲೇಸು.

3. ಚೀಲಕ್ಕೆ ಇಷ್ಟೆಂದು ರಿಪೇರಿ ನಿಧಿ ಕೂಡಿಡಬೇಕು. ಬೆಲೆ ಚೆನ್ನಾಗಿರುವ ವರ್ಷ ಇದು ಹೊರೆಯಾಗದು. ಬೆಲೆ ಬಿದ್ದ ವರ್ಷ ಕೂಡಿಡಲು ಯಾರ ಕೈಯಲ್ಲೂ ಇರದು.

ಅಡಿಕೆ ಧಾರಣೆ ಕುಸಿದ ಕಾಲದಲ್ಲಿ, 1973ರಲ್ಲಿ, ಕ್ಯಾಂಪ್ಕೋ ಹುಟ್ಟಿದ್ದನ್ನು ನಮ್ಮ ಹಿರಿಯರು ಬಲ್ಲರು. ಕಷ್ಟ ಬಂದ ಮೇಲೆ ಒಂದಾಗುವುದು ಸಾಧ್ಯ. ಮೊದಲೇ ಒಂದಾಗಿದ್ದರೆ ನಷ್ಟ ಕಡಿಮೆ. ಬರುವ ಸಭೆಯಲ್ಲಿ ಈ ಮೂರನ್ನೂ ನಡವಳಿ ಪುಸ್ತಕದಲ್ಲಿ ಬರೆಸೋಣ.