ಮೂರೆಲೆ ಆಡಿದವರು ಪೋಕರ್ ಟೇಬಲ್ಲಿಗೆ ಕೂತಾಗ

ಆಂಧ್ರದಲ್ಲಿರುವ ನಮ್ಮ ಹೊಳಗುಂದದ ಸುತ್ತಮುತ್ತ ಇಸ್ಪೀಟು ಗೊತ್ತಿಲ್ಲದ ಗಂಡಸು ಸಿಗುವುದು ಕಷ್ಟ. ಹತ್ತಿಯನ್ನು ಆದವಾನಿ ಯಾರ್ಡಿಗೆ ಹಾಕಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ದಿನಗಳಲ್ಲಿ ಮೂರೆಲೆ, ರಮ್ಮಿ, ಅಂದರ್ ಬಾಹರ್ ಎಲ್ಲವೂ ಚಾಪೆ ಮೇಲೆ ಬರುತ್ತವೆ. ಅಡ್ಡೆ ಹಾಕಿ ಪಣವಿಟ್ಟು ಆಡಿದರೆ 1974ರ ಆಂಧ್ರಪ್ರದೇಶ ಗೇಮಿಂಗ್ ಕಾಯ್ದೆಯಡಿ ಪೊಲೀಸರೂ ಬರುತ್ತಾರೆ. 2020ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ಮಾಡಿ ಆನ್‌ಲೈನ್ ಆಟವನ್ನೂ ಸೇರಿಸಿದರು. 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯ್ದೆ ಬಂದು ಇಡೀ ದೇಶದಲ್ಲಿ ದುಡ್ಡಿನ ಆನ್‌ಲೈನ್ ಆಟಕ್ಕೆ ಬೀಗ ಬಿತ್ತು.

ಹೀಗಾಗಿ ಪೋಕರ್ ಹುಚ್ಚು ಹತ್ತಿದ ನನ್ನಂಥವನಿಗೆ ‘ಲೋಕಲ್’ ಕ್ಯಾಸಿನೊ ಅಂದರೆ ಪಣಜಿ. ಬಳ್ಳಾರಿಯಲ್ಲಿ ವಾಸ್ಕೊ ರೈಲು ಹಿಡಿದರೆ ಹುಬ್ಬಳ್ಳಿ, ಲೋಂಡಾ ದಾಟಿ ಗೋವಾ. ಅಲ್ಲಿ 1976ರ ಜೂಜು ಕಾಯ್ದೆಗೆ 1992ರಲ್ಲೂ 1996ರಲ್ಲೂ ತಿದ್ದುಪಡಿ ತಂದು ಮೊದಲು ಪಂಚತಾರಾ ಹೋಟೆಲಿನ ಯಂತ್ರಗಳಿಗೆ, ಆಮೇಲೆ ನೀರಿನ ಮೇಲಿನ ಟೇಬಲ್‌ಗಳಿಗೆ ಅನುಮತಿ ಕೊಟ್ಟರು. ಮಾಂಡೋವಿ ನದಿಯಲ್ಲಿ ನಿಂತಿರುವ ಡೆಲ್ಟಿನ್ ರಾಯಲ್‌ನಂಥ ಹಡಗುಗಳಿಗೆ ಜೆಟ್ಟಿಯಿಂದ ದೋಣಿಯಲ್ಲಿ ಕರೆದೊಯ್ಯುತ್ತಾರೆ. ತಮಾಷೆ ಎಂದರೆ 2020ರ ಫೆಬ್ರುವರಿಯಿಂದ ಗೋವಾದವರಿಗೇ ಆಟದ ಹಾಲಿಗೆ ಪ್ರವೇಶವಿಲ್ಲ. 21 ತುಂಬಿದ ನಮ್ಮಂಥ ಪರಸ್ಥಳದವರಿಗೆ ಮಾತ್ರ ಕೆಂಪು ಜಮಖಾನೆ.

ಊರಿನ ಚಾಪೆ ಮೇಲೆ ಕಲಿತ ಬುದ್ಧಿಯಲ್ಲಿ ಮುಕ್ಕಾಲು ಪಾಲು ಅಲ್ಲಿನ ಪೋಕರ್ ಟೂರ್ನಮೆಂಟಿನ ಟೇಬಲ್ಲಿನಲ್ಲಿ ತಿರುಗಿ ನಮಗೇ ಹೊಡೆಯುತ್ತದೆ. ಕೆಳಗಿನ ಪಾಠಗಳೆಲ್ಲ ಅದರ ಸುತ್ತಲೇ ಇವೆ.

1. ಮೊದಲು ಮೂರೆಲೆಯ ಲೆಕ್ಕ ಮರೆಯಿರಿ

ಮೂರೆಲೆಯಲ್ಲಿ ಸೀಕ್ವೆನ್ಸ್ ದೊಡ್ಡದು, ಕಲರ್ ಅದಕ್ಕಿಂತ ಚಿಕ್ಕದು. ಪೋಕರಿನಲ್ಲಿ ಇದು ಉಲ್ಟಾ. ಕಾರಣ ಸರಳ: ಮೂರು ಎಲೆ ಹಂಚಿದಾಗ ಒಟ್ಟು 22,100 ಕೈಗಳಲ್ಲಿ ಸೀಕ್ವೆನ್ಸ್ 720, ಬರೀ ಕಲರ್ 1,096. ಐದು ಎಲೆಯಾದರೆ ಸುಮಾರು 26 ಲಕ್ಷ ಕೈಗಳಲ್ಲಿ ಸೀಕ್ವೆನ್ಸ್ 10,200, ಕಲರ್ 5,108. ಅಪರೂಪದ್ದಕ್ಕೇ ಬೆಲೆ. ಸೀಕ್ವೆನ್ಸ್ ಬಂತೆಂದು ಪೂರ್ತಿ ಚಿಪ್ಸ್ ಮುಂದೆ ನೂಕಿ, ಎದುರಿನವನು ಐದು ಆಟೀನು ತೋರಿಸಿದ ಮೇಲೂ ರಾಶಿಗೆ ಕೈ ಚಾಚಿದವರನ್ನು ನೋಡಿದ್ದೇನೆ. ಡೀಲರ್ ಹುಡುಗಿ ನಗದೆ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಅಂಥ ಶಿಸ್ತು ನನಗಂತೂ ಇಲ್ಲ.

2. ಹುಣಸೆಬೀಜದಲ್ಲಿ ಆಡಿ ಕಲಿಯಿರಿ

ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆಯಲ್ಲಿ 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಗೆ ಮುಖ್ಯವಾಗಿ ಕೌಶಲ ಬೇಕು, ಮೂರೆಲೆ ಬರೀ ಅದೃಷ್ಟ ಎಂದು ಎರಡನ್ನೂ ಬೇರೆ ಮಾಡಿತು. ಪೋಕರನ್ನು ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಡ ಎಂದು 2013ರಲ್ಲಿ ಕರ್ನಾಟಕ ಹೈಕೋರ್ಟು ಹೇಳಿತು. ಕೋರ್ಟು ಹೇಳಿದ ಮಾತ್ರಕ್ಕೆ ಕೌಶಲ ಕೈಗೆ ಬರುವುದಿಲ್ಲ. ಆಡಿ ಆಡಿ ಬರಬೇಕು. ದುಡ್ಡಿಟ್ಟರೆ ಕಾನೂನಿನ ಭಯ, ಇಡದಿದ್ದರೆ ಆಟಕ್ಕೆ ಬಿಗಿಯಿಲ್ಲ. ನಾವು ಹುಡುಕಿಕೊಂಡ ದಾರಿ ಹುಣಸೆಬೀಜ: ಒಬ್ಬೊಬ್ಬರಿಗೆ ನೂರು ಬೀಜ, ಗಡಿಯಾರ ನೋಡಿ ಬ್ಲೈಂಡ್ (ಎಲೆ ನೋಡುವ ಮುಂಚೆ ಇಬ್ಬರು ಕಟ್ಟಲೇಬೇಕಾದ ಪಣ) ಏರಿಸುವುದು, ಬೀಜ ಮುಗಿದವನು ಎಲ್ಲರಿಗೂ ಚಹಾ ಕಾಯಿಸುವುದು. ಚಹಾ ಕಾಯಿಸುವ ಅವಮಾನ ಸಾಕಷ್ಟು ಬಿಗಿ ಕೊಡುತ್ತದೆ. “ಇಸ್ಪೀಟು ಕಲಿಯಾಕೂ ಗೋವಾಗಂಟ ಹೋಗಬೇಕೇನಪ್ಪ?” ಎಂದು ಕೇಳುವ ಮನೆಯ ಹಿರಿಯರಿಗೂ ಇದರಲ್ಲಿ ತಕರಾರಿಲ್ಲ.

3. ಎಂಟ್ರಿ ದುಡ್ಡನ್ನು ಹೊರಡುವ ಮುಂಚೆಯೇ ಖರ್ಚಿಗೆ ಬರೆದುಬಿಡಿ

ಟೂರ್ನಮೆಂಟಿನಲ್ಲಿ ಸಾಮಾನ್ಯವಾಗಿ ನೂರು ಜನ ಕೂತರೆ ಹತ್ತರಿಂದ ಹದಿನೈದು ಜನಕ್ಕೆ ಬಹುಮಾನ. ಅದರಲ್ಲೂ ಕೆಳಗಿನವರಿಗೆ ಹಾಕಿದ್ದಕ್ಕಿಂತ ಸ್ವಲ್ಪ ಹೆಚ್ಚು ಸಿಗುತ್ತದೆ ಅಷ್ಟೆ. ದೊಡ್ಡ ಗಂಟು ಮೊದಲ ಮೂವರದು. ಚೆನ್ನಾಗಿ ಆಡುವವನೂ ಹೆಚ್ಚಿನ ಸಲ ಬರಿಗೈಲೇ ರೈಲು ಹತ್ತುತ್ತಾನೆ. ಇದರ ಮೇಲೆ ಕ್ಯಾಸಿನೊದ ಜಿಎಸ್‌ಟಿ: ಶೇಕಡಾ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40.

ಎಲ್ಲರ ಬಾಯಲ್ಲೂ ಒಂದೇ ಹೆಸರು: ಕ್ರಿಸ್ ಮನಿಮೇಕರ್. ಅಮೆರಿಕದ ಟೆನೆಸ್ಸಿಯ ಅಕೌಂಟೆಂಟ್, 2003ರಲ್ಲಿ ಲಾಸ್ ವೇಗಸ್ಸಿನ ವಿಶ್ವ ಪಂದ್ಯಾವಳಿಗೆ ಆನ್‌ಲೈನಿನ ಸಣ್ಣ ಪಂದ್ಯವೊಂದರಿಂದ ಸೀಟು ಗೆದ್ದು ಹೋಗಿ 25 ಲಕ್ಷ ಡಾಲರ್ ತಂದ. ನಿಜವೇ. ಆದರೆ ಅಂದು ಕೂತವರು 839 ಜನ. ಉಳಿದ 838 ಜನರ ಹೆಸರನ್ನು ಯಾರೂ ನಿಮಗೆ ಹೇಳುವುದಿಲ್ಲ.

ಔಟಾದವರು ಮತ್ತೆ ದುಡ್ಡು ಕಟ್ಟಿ ಕೂರುವ ರೀ-ಎಂಟ್ರಿ ಇರುತ್ತದೆ. ಅದು ಬೇಕೋ ಬೇಡವೋ ಎಂಬುದನ್ನು ಬಳ್ಳಾರಿ ಸ್ಟೇಷನ್ನಿನಲ್ಲೇ ನಿರ್ಧರಿಸಿ. ಸೋತ ಕ್ಷಣದಲ್ಲಿ ಮಾಡುವ ನಿರ್ಧಾರ ನಿಮ್ಮದಲ್ಲ, ನಿಮ್ಮ ಸಿಟ್ಟಿನದು.

4. ಎಲೆ ನೋಡುವ ಮುಂಚೆ ಜಾಗ ನೋಡಿ

ಪ್ರತಿಯೊಬ್ಬರಿಗೂ ಎರಡೆರಡು ಎಲೆ, ನಡುವೆ ಎಲ್ಲರಿಗೂ ಸೇರಿ ಐದು. ‘ಬಟನ್’ ಎಂಬ ಬಿಲ್ಲೆ ಯಾರ ಮುಂದಿದೆಯೋ ನಡುವಿನ ಎಲೆ ಬಿದ್ದ ಮೇಲೆ ಅವನೇ ಕೊನೆಗೆ ಆಡುವವನು. ಯಾರ್ಡಿನಲ್ಲಿ ಉಳಿದ ಖರೀದಿದಾರರ ರೇಟೆಲ್ಲ ಕೇಳಿಸಿಕೊಂಡು ಕೊನೆಗೆ ತನ್ನ ರೇಟು ಹೇಳುವ ಭಾಗ್ಯ ಸಿಕ್ಕರೆ ಯಾವ ದಲ್ಲಾಳಿ ಬಿಡುತ್ತಾನೆ? ಅದೇ ಇಲ್ಲೂ. ಎಕ್ಕದ ಜೊತೆ ಒಂಬತ್ತು ಬಂದರೆ ಬಟನ್ನಿನಲ್ಲಿ ಆಡಬಹುದು, ಮೊದಲ ಸೀಟಿನಲ್ಲಿ ಎಸೆಯಬೇಕು. ಜೋಡಿಯಿಲ್ಲದ ಎರಡೆಲೆ ಹಿಡಿದರೆ ನಡುವಿನ ಮೊದಲ ಮೂರು ಎಲೆಯಲ್ಲಿ ಜೋಡಿ ಕೂಡುವುದು ಮೂರರಲ್ಲಿ ಒಂದು ಸಲ ಮಾತ್ರ. ಚಾಪೆ ಮೇಲೆ ಪ್ಯಾಕ್ ಮಾಡಿದರೆ ಗೆಳೆಯರು ಹೇಡಿ ಎಂದು ಕಿಚಾಯಿಸುತ್ತಾರೆ. ಅಲ್ಲಿ ಯಾರೂ ತಲೆಯೆತ್ತಿ ಕೂಡ ನೋಡುವುದಿಲ್ಲ. ಎಸೆಯಿರಿ.

5. ಚಿಪ್ಸ್ ಎಣಿಸಬೇಡಿ, ಬ್ಲೈಂಡ್ ಎಣಿಸಿ

ಆರಂಭದಲ್ಲಿ 20,000 ಚಿಪ್ಸ್ ಕೊಟ್ಟು ಬ್ಲೈಂಡ್ 100-200 ಇಟ್ಟರೆನ್ನಿ. ನಿಮ್ಮ ಹತ್ತಿರ ನೂರು ದೊಡ್ಡ ಬ್ಲೈಂಡ್ ಇವೆ. ಕೆಲವು ಗಂಟೆ ಕಳೆದು ಬ್ಲೈಂಡ್ 1,000-2,000 ಆದಾಗಲೂ ಅದೇ 20,000 ಇದ್ದರೆ ಈಗ ಬರೀ ಹತ್ತು. ಒಂದು ಚಿಪ್ಪೂ ಕಳೆದುಕೊಳ್ಳದೆ ಬಡವರಾಗಿದ್ದೀರಿ. ಇಷ್ಟಕ್ಕೆ ಇಳಿದ ಮೇಲೆ ಸ್ವಲ್ಪ ಹಾಕಿ ನೋಡೋಣ ಎಂಬ ಆಟ ನಡೆಯದು: ಎಸೆಯಬೇಕು, ಇಲ್ಲವೇ ಇದ್ದದ್ದನ್ನೆಲ್ಲ ನೂಕಿ ಆಲ್-ಇನ್. ಎಲ್ಲರೂ ಎಸೆದರೆ ಎರಡು ಬ್ಲೈಂಡೂ, ಪ್ರತಿ ಕೈಗೂ ಮೇಲಿಂದ ಕಟ್ಟುವ ಒಂದು ದೊಡ್ಡ ಬ್ಲೈಂಡಿನಷ್ಟು ಆಂಟೆಯೂ ಸೇರಿ ಎರಡೂವರೆ ಬ್ಲೈಂಡ್ ಸಿಗುತ್ತದೆ, ಅಂದರೆ ನಿಮ್ಮ ಆಸ್ತಿ ಕಾಲು ಪಾಲು ಹೆಚ್ಚುತ್ತದೆ. ಎಕ್ಕದ ಜೋಡಿ ಬರಲಿ ಎಂದು ಕಾಯುವವರುಂಟು. ಅದು ಬರುವುದು 221 ಕೈಗೆ ಒಮ್ಮೆ.

6. ಬಾಯಿ ಮುಂದೆ, ಕೈ ಹಿಂದೆ

ರೇಸ್ ಮಾಡಬೇಕಿದ್ದರೆ, ಅಂದರೆ ಪಣ ಏರಿಸಬೇಕಿದ್ದರೆ, ಮೊದಲು “ರೇಸ್” ಅನ್ನಿ, ಆಮೇಲೆ ಚಿಪ್ಸ್ ಇಡಿ. ಏನೂ ಹೇಳದೆ ಒಂದು ದೊಡ್ಡ ಚಿಪ್ ಎಸೆದರೆ ಅದು ಕಾಲ್, ಅಂದರೆ ಎದುರಿನ ಪಣಕ್ಕೆ ಸರಿಸಮ ಹಾಕಿದ್ದು ಎಂದೇ ಲೆಕ್ಕ. ನಿಮ್ಮ ಎಲೆ ಮೇಲೆ ಒಂದು ಚಿಪ್ ಇಟ್ಟುಕೊಳ್ಳಿ, ಇಲ್ಲದಿದ್ದರೆ ಡೀಲರ್ ಎಸೆದ ಎಲೆಯೆಂದು ಎಳೆದುಕೊಂಡಾರು. ನಮ್ಮ ಕಡೆಯ ಇಬ್ಬರು ಒಂದೇ ಟೇಬಲ್ಲಿಗೆ ಬಿದ್ದರೆ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಮಾತು ತಾನಾಗಿ ಶುರುವಾಗುತ್ತದೆ. ಕೈ ನಡೆಯುತ್ತಿರುವಾಗ ಅದು ಕೂಡದು. ಸಂಚು ಎಂದು ಅನುಮಾನಿಸುವ ಹಕ್ಕು ಉಳಿದವರಿಗಿದೆ.

7. ಬಹುಮಾನದ ಹೊಸ್ತಿಲಲ್ಲಿ ಒಳ್ಳೆಯ ಎಲೆಯೂ ಕೆಟ್ಟದ್ದಾಗಬಹುದು

ಇದು ಪೋಕರಿನಲ್ಲಿ ನನಗೆ ಎಲ್ಲಕ್ಕಿಂತ ರುಚಿಸುವ ಭಾಗ. ಒಂದು ಕೈ ಬಿಡಿಸಿ ಹೇಳುತ್ತೇನೆ. ಇನ್ನಿಬ್ಬರು ಹೊರಗೆ ಬಿದ್ದರೆ ಉಳಿದವರಿಗೆಲ್ಲ ದುಡ್ಡು. ಬ್ಲೈಂಡ್ 2,000-4,000, ದೊಡ್ಡ ಬ್ಲೈಂಡಿನವನು ಕಟ್ಟುವ ಆಂಟೆ 4,000. ದೊಡ್ಡ ಬ್ಲೈಂಡ್ ನಾನೇ. ಕಟ್ಟಿದ ಮೇಲೆ ನನ್ನ ಮುಂದೆ 84,000. ಬಟನ್‌ವರೆಗೆ ಎಲ್ಲರೂ ಎಸೆದರು. ಬಟನ್ನಿನಲ್ಲಿದ್ದ, ಕಪ್ಪು ಕನ್ನಡಕದ ಯುವಕ ಇದ್ದ 60,000ವನ್ನೂ ನೂಕಿದ. ಚಿಕ್ಕ ಬ್ಲೈಂಡ್ ಎಸೆಯಿತು. ನನ್ನ ಕೈಯಲ್ಲಿ ಆಟೀನು ಎಕ್ಕ, ಆಟೀನು ಗುಲಾಮ.

ನಡುವೆ 70,000 ಇದೆ, ನಾನು ಹಾಕಬೇಕಾದದ್ದು 56,000. ಬರೀ ಚಿಪ್ಸ್ ಲೆಕ್ಕದಲ್ಲಿ ನೂರಕ್ಕೆ 44ರಿಂದ 45 ಸಲ ಗೆದ್ದರೆ ಸರಿಹೋಗುತ್ತದೆ. ಆ ಜಾಗದಿಂದ ಆ ವಯಸ್ಸಿನ ಹುಡುಗ ನೂಕುವ ಎಲೆಗಳ ಎದುರು ನನ್ನ ಕೈ ಅಷ್ಟು ಗೆಲ್ಲುತ್ತದೆ. ಮೂರೆಲೆಯವನ ರಕ್ತ ಕಾಲ್ ಕಾಲ್ ಎನ್ನುತ್ತದೆ. ಆದರೆ ಎಡಕ್ಕೆ ಎರಡು ಸೀಟು ಆಚೆ ಒಬ್ಬರ ಮುಂದೆ 9,000, ಪಕ್ಕದ ಟೇಬಲ್ಲಿನಲ್ಲಿ ಇನ್ನೊಬ್ಬರ ಮುಂದೆ ಅದಕ್ಕಿಂತ ಕಡಿಮೆ. ಎರಡು ಸುತ್ತು ಕಾದರೆ ಇಬ್ಬರೂ ಹೋಗುವ ಸಂಭವ ಹೆಚ್ಚು. ಸೋತರೆ ನನಗೆ ಉಳಿಯುವುದು 28,000, ಏಳು ಬ್ಲೈಂಡ್. ಗೆದ್ದ ಚಿಪ್ಸಿನ ಬೆಲೆಗಿಂತ ಕಳೆದುಕೊಂಡ ಚಿಪ್ಸಿನ ಬೆಲೆ ದೊಡ್ಡದಾಗುವ ಹೊತ್ತು ಅದು. ಎಸೆದೆ. ಅವನ ಎಲೆ ಏನಿತ್ತೋ, ತೋರಿಸಲಿಲ್ಲ. ತೋರಿಸಿದ್ದರೂ ಲೆಕ್ಕ ಬದಲಾಗುತ್ತಿರಲಿಲ್ಲ. ಎದುರಿನವನ ಎಲೆ ನೋಡಿ ತನ್ನ ನಿರ್ಧಾರಕ್ಕೆ ಅಂಕ ಕೊಡುವವನು ಈ ಆಟ ಕಲಿಯುವುದಿಲ್ಲ.

ಇದೇ ಹೊತ್ತಿನಲ್ಲಿ ನಿಮ್ಮ ಹತ್ತಿರ ದೊಡ್ಡ ರಾಶಿಯಿದ್ದರೆ ಆ ಕಪ್ಪು ಕನ್ನಡಕದವನ ಹಾಗೆ ನೀವೇ ನೂಕಿ. ಹೆದರಿಕೆ ಆಗ ಎದುರಿನವರ ಪಾಲಿಗಿರಲಿ.

8. ಬ್ರೇಕಿನಲ್ಲಿ ರೂಲೆಟ್ ಕಡೆ ಹೋಗಬೇಡಿ

ಪೋಕರಿನಲ್ಲಿ ನಿಮ್ಮ ಎದುರಾಳಿ ಇನ್ನೊಬ್ಬ ಮನುಷ್ಯ, ಕ್ಯಾಸಿನೊ ತನ್ನ ಫೀ ತೆಗೆದುಕೊಂಡು ಸುಮ್ಮನಿರುತ್ತದೆ. ರೂಲೆಟ್ಟಿನಲ್ಲಿ ಎದುರಾಳಿ ಕ್ಯಾಸಿನೊವೇ: ಒಂದೇ ಸೊನ್ನೆಯ ಚಕ್ರದಲ್ಲಿ ಮನೆ 37, ಒಂದು ಅಂಕಿಗೆ ಕಟ್ಟಿ ಗೆದ್ದರೆ ಕೊಡುವುದು ಒಂದಕ್ಕೆ 35. ಅಂದರ್ ಬಾಹರ್ ಟೇಬಲ್ಲೂ ಅಲ್ಲೇ ಇರುತ್ತದೆ, ನೋಡಿದ ಕೂಡಲೇ ಊರು ನೆನಪಾಗುತ್ತದೆ. ಚಹಾ ಕುಡಿದು ವಾಪಸು ಬನ್ನಿ. ಪುಕ್ಕಟೆ ವಿಸ್ಕಿಯನ್ನೂ ಆಟ ಮುಗಿದ ಮೇಲೆ ಕುಡಿಯಬಹುದು. ಮಧ್ಯಾಹ್ನ ಶುರುವಾದ ಟೂರ್ನಮೆಂಟು ನಡುರಾತ್ರಿ ದಾಟುವುದು ಮಾಮೂಲು.

9. ತೆರಿಗೆಯ ಲೆಕ್ಕ

ಹತ್ತು ಸಾವಿರ ಮೀರಿದ ಗೆಲುವಿನಲ್ಲಿ ಶೇಕಡಾ 30 ಟಿಡಿಎಸ್ ಹಿಡಿದುಕೊಂಡೇ ಕೊಡುತ್ತಾರೆ. ರೈಲು, ಲಾಡ್ಜು, ಹಿಂದೆ ಸೋತ ಎಂಟ್ರಿಗಳು, ಯಾವುದನ್ನೂ ಅದರಲ್ಲಿ ಕಳೆಯಲು ಬರುವುದಿಲ್ಲ. ಪ್ಯಾನ್ ಕಾರ್ಡ್ ಜೇಬಿನಲ್ಲಿರಲಿ. ಮೂರು ನಾಲ್ಕು ಜನ ಉಳಿದಾಗ ಬಹುಮಾನ ಹಂಚಿಕೊಳ್ಳೋಣ ಎಂಬ ಮಾತು ಬರುತ್ತದೆ. ಚಿಪ್ಸ್ ಹೆಚ್ಚಿರುವವನು ಬರೀ ಚಿಪ್ಸ್ ಪ್ರಮಾಣದಲ್ಲಿ ಹಂಚೋಣ ಎನ್ನುತ್ತಾನೆ, ಅದು ಅವನಿಗೇ ಲಾಭ. ಚಿಪ್ಸಿನ ಜೊತೆ ಉಳಿದ ಬಹುಮಾನಗಳನ್ನೂ ಗಣನೆಗೆ ತೆಗೆದುಕೊಳ್ಳುವ ಐಸಿಎಂ ಲೆಕ್ಕ ಹಾಕಿಸಿ ಎಂದು ಟೂರ್ನಮೆಂಟ್ ಡೈರೆಕ್ಟರನ್ನು ಕೇಳಿ, ತೆರಿಗೆ ಕಳೆದು ಕೈಗೆ ಬರುವ ಮೊತ್ತವನ್ನು ಚೀಟಿಯಲ್ಲಿ ಬರೆಸಿಕೊಂಡು, ಆಮೇಲೆ ಹೂಂ ಅನ್ನಿ.