ಮೂವತ್ತು ದಿನಗಳ ಎಣಿಕೆ: ಕಂಪನಿ ಸಮಾಪನೆಯ ಮೇಲ್ಮನವಿಯಿಂದ ಒಂದು ಗಣಿತ ಪಾಠ

ತರಗತಿ: 9. ವಿಷಯ: ಗಣಿತ. ಪಾಠಾಂಶ: ದಿನಗಳ ಎಣಿಕೆ (ಪುನರಾವರ್ತನೆ). ಅವಧಿ: 40 ನಿಮಿಷ.

ಹಿನ್ನೆಲೆ
ಬೋಧನಾಭ್ಯಾಸದ ಎರಡನೇ ವಾರ ಒಬ್ಬ ವಿದ್ಯಾರ್ಥಿನಿ ಮನೆಗೆಲಸ ಮಾಡದೆ ಬಂದಿದ್ದಳು. ಬಿಡುವಿನಲ್ಲಿ ಕಾರಣ ಕೇಳಿದೆ. "ಅಪ್ಪನ ಫ್ಯಾಕ್ಟರಿ ಮುಚ್ಚೋಕೆ ಕೋರ್ಟ್ ಆರ್ಡರ್ ಆಗಿದೆಯಂತೆ ಮಿಸ್. ಇನ್ನೇನೂ ಮಾಡೋಕಾಗಲ್ವಾ?" ಎಂದಳು. "ಆದೇಶದ ಪ್ರತಿ ಕೈಗೆ ಬಂದ ಮೇಲೆ ಒಂದು ತಿಂಗಳು ಸಮಯ ಇರುತ್ತೆ" ಎಂದು ಹೇಳಿಬಿಟ್ಟೆ. ಸಂಜೆ ಮಾರ್ಗದರ್ಶಕ ಉಪನ್ಯಾಸಕರು, "ಕಾನೂನು ಓದಿ ಹೇಳಿದಿರಾ?" ಎಂದು ಕೇಳಿದರು. ಓದಿದಾಗ ನನ್ನ ಒಂದೇ ವಾಕ್ಯದಲ್ಲಿ ಎರಡು ತಪ್ಪು ಕಂಡವು. ಅವನ್ನು ತಿದ್ದಲು ಮರುದಿನವೇ ಈ ಪಾಠ ಮಾಡಿದೆ. ಹುಡುಗಿಯ ವಿಷಯವನ್ನು ತರಗತಿಯಲ್ಲಿ ಎತ್ತಲಿಲ್ಲ.

ವಿಷಯ ನಿರೂಪಣೆ
ಸಾಲ ತೀರಿಸಲಾಗದ ಕಂಪನಿಯನ್ನು ಉಳಿಸುವ ಯೋಜನೆ ಕೈಗೂಡದಿದ್ದರೆ, 2016ರ ದಿವಾಳಿ ಸಂಹಿತೆಯ 33ನೇ ಕಲಮಿನಡಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಸಮಾಪನೆಗೆ ಆದೇಶಿಸುತ್ತದೆ. ಅಂದರೆ ಆಸ್ತಿ ಮಾರಿ, ಬಂದ ಹಣವನ್ನು ಬಾಕಿ ಬರಬೇಕಾದವರಿಗೆ ಕ್ರಮವಾಗಿ ಹಂಚುವುದು. ಕಂಪನಿಯ ವ್ಯವಹಾರ ಮುಂದುವರಿಯದಿದ್ದರೆ ಆ ಆದೇಶವೇ ಕಾರ್ಮಿಕರಿಗೆ ಕೆಲಸದಿಂದ ಬಿಡುಗಡೆಯ ನೋಟಿಸ್.

ಆದೇಶದಿಂದ ಬಾಧಿತರಾದ ಯಾರೇ ಆಗಲಿ 61ನೇ ಕಲಮಿನಡಿ 30 ದಿನಗಳೊಳಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಕರ್ನಾಟಕದ ಮೇಲ್ಮನವಿಗಳನ್ನು ಅದರ ಚೆನ್ನೈ ಪೀಠ ಕೇಳುತ್ತದೆ. ತಡಕ್ಕೆ ತಕ್ಕ ಕಾರಣ ತೋರಿಸಿದರೆ ಇನ್ನು 15 ದಿನ ಸಿಗಬಹುದು. ಅದರಾಚೆ ಒಂದು ದಿನ ಕೊಡಲೂ ನ್ಯಾಯಮಂಡಳಿಗೆ ಅಧಿಕಾರವಿಲ್ಲ. "ನಮಗೆ ಕಷ್ಟವಾಗುತ್ತದೆ" ಎಂದರೆ ಸಾಲದು. ಆದೇಶಕ್ಕೆ ಸಂಬಂಧಿಸಿ ಗಂಭೀರ ಲೋಪ ಅಥವಾ ವಂಚನೆ ನಡೆದಿದೆ ಎಂದು ತೋರಿಸಬೇಕು. ಅಲ್ಲಿ ಸೋತರೆ, ಕಾನೂನಿನ ಪ್ರಶ್ನೆಯಿದ್ದಾಗ ಮಾತ್ರ 45 ದಿನಗಳೊಳಗೆ ಸುಪ್ರೀಂ ಕೋರ್ಟ್.

ಚಟುವಟಿಕೆ
ಕಪ್ಪುಹಲಗೆಯ ಮೇಲೆ ಬರೆದೆ: ಆದೇಶ ಮಾರ್ಚ್ 10. ಮೂವತ್ತನೇ ದಿನ ಯಾವುದು?

ಮೂರು ಉತ್ತರ ಬಂದವು. ಮಾರ್ಚ್ 10ನ್ನೂ ಎಣಿಸಿದವರು ಏಪ್ರಿಲ್ 8 ಎಂದರು. ಮೂವತ್ತು ದಿನವೆಂದರೆ ಒಂದು ತಿಂಗಳು ಎಂದುಕೊಂಡವರು ಏಪ್ರಿಲ್ 10 ಎಂದರು. ಸರಿಯುತ್ತರ ಏಪ್ರಿಲ್ 9. ಆದೇಶದ ದಿನವನ್ನು ಬಿಟ್ಟು ಮಾರ್ಚ್ 11ರಿಂದ 31ರವರೆಗೆ 21 ದಿನ, ಏಪ್ರಿಲ್‌ನಲ್ಲಿ 9 ದಿನ. ಹೆಚ್ಚುವರಿ 15 ದಿನ ಸಿಕ್ಕರೆ ಕೊನೆಯ ದಿನ ಏಪ್ರಿಲ್ 24. "ಒಂದು ತಿಂಗಳು" ಎಂದಿದ್ದ ನನ್ನ ಮೊದಲ ತಪ್ಪು ಇಲ್ಲೇ ಬಯಲಾಯಿತು.

ಎರಡನೆಯದು ಇನ್ನೂ ದೊಡ್ಡದು. ಎಣಿಕೆ ಶುರುವಾಗುವುದು ಪ್ರತಿ ಕೈಸೇರಿದ ದಿನದಿಂದಲ್ಲ, ಆದೇಶ ಪ್ರಕಟಿಸಿದ ದಿನದಿಂದ. ವಿ. ನಾಗರಾಜನ್ ಪ್ರಕರಣದಲ್ಲಿ 2021ರ ಅಕ್ಟೋಬರ್ 22ರಂದು ಸುಪ್ರೀಂ ಕೋರ್ಟ್ ಹೀಗೆಯೇ ಹೇಳಿದೆ. ಉಚಿತ ಪ್ರತಿ ಬರಲಿ ಎಂದು ಕಾಯುವಂತಿಲ್ಲ. ಅವಧಿಯೊಳಗೆ ಪ್ರಮಾಣಿತ ಪ್ರತಿಗೆ ಅರ್ಜಿ ಹಾಕಬೇಕು. ಹಾಕಿದ್ದರೆ, ಅದು ಸಿದ್ಧವಾಗಲು ಹಿಡಿದ ದಿನಗಳು ಎಣಿಕೆಗೆ ಸೇರುವುದಿಲ್ಲ. ಆ ದಿನಗಳನ್ನು 'ಕ್ಷ' ಎನ್ನೋಣ ಎಂದೆ. ಅವಧಿ 30 + ಕ್ಷ. "ಅರ್ಜಿನೇ ಹಾಕದಿದ್ರೆ ಮಿಸ್?" ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಮುಂದಿನ ಬೆಂಚೇ ಉತ್ತರಿಸಿತು: "ಕ್ಷ ಸೊನ್ನೆ."

ಮೌಲ್ಯಮಾಪನ
ಜನವರಿ 31ರ ಆದೇಶಕ್ಕೆ ಮೂವತ್ತನೇ ದಿನ ಯಾವುದು? ಅಧಿಕ ವರ್ಷದಲ್ಲಿ ಉತ್ತರ ಬದಲಾಗುತ್ತದೆಯೇ? (ಉತ್ತರ: ಮಾರ್ಚ್ 2, ಅಧಿಕ ವರ್ಷದಲ್ಲಿ ಮಾರ್ಚ್ 1.)

ಅವಲೋಕನ
ಕಾನೂನಿನ ಪದಗಳಿಗೆ ಹದಿನೈದು ನಿಮಿಷ ಹೋಯಿತು. ಚಟುವಟಿಕೆಯಿಂದಲೇ ಆರಂಭಿಸಿದ್ದರೆ ಚೆನ್ನಾಗಿತ್ತು. ಗಣಿತದಲ್ಲಿ ಒಂದು ದಿನ ತಪ್ಪಿದರೆ ಒಂದು ಅಂಕ ಹೋಗುತ್ತದೆ. ಇಲ್ಲಿ ಮೇಲ್ಮನವಿಯೇ ಹೋದೀತು. ಗೊತ್ತಿಲ್ಲದ್ದನ್ನು "ನೋಡಿ ಹೇಳುತ್ತೇನೆ" ಎನ್ನುವುದನ್ನು ನಾನು ಮೊದಲು ಕಲಿಯಬೇಕಿತ್ತು.

ಗಂಟೆ ಹೊಡೆದ ಮೇಲೆ ಆ ಹುಡುಗಿಯನ್ನು ಕರೆದು, ಹಿಂದಿನ ದಿನ ತಪ್ಪು ಹೇಳಿದ್ದೆನೆಂದು ಒಪ್ಪಿಕೊಂಡೆ. ಭವಿಷ್ಯನಿಧಿ ಮತ್ತು ಗ್ರಾಚ್ಯುಟಿ ನಿಧಿಯ ಹಣ ಹಂಚಿಕೆಯ ಆಸ್ತಿಗೆ ಸೇರುವುದಿಲ್ಲವೆಂದೂ, ಉಳಿದದ್ದನ್ನು ವಕೀಲರ ಬಳಿ ಇವತ್ತೇ ಕೇಳಲಿ ಎಂದೂ ಹೇಳಿದೆ. ಅವಳು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಒಂದು ಸಾಲು ಬರೆದುಕೊಂಡಳು: "ಆರ್ಡರ್ ಹೇಳಿದ್ದು ಯಾವತ್ತು, ಅಪ್ಪನ್ನ ಕೇಳಬೇಕು."