ಮಗು ಬೆಳೆದಂತೆ ಸೀಟೂ ಬದಲಾಗಬೇಕು

ಕಾರಿನಲ್ಲಿ ಮಗುವಿಗೆಂದೇ ಬೇರೆ ಸೀಟು ಕೊಳ್ಳುವ ಮಾತೆತ್ತಿದರೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವುದು ಅಜ್ಜಿಯರ ದನಿ. ‘ಎತ್ಕೊಳ್ಳೋಕೆ ನಾವಿದ್ದೀವಲ್ಲ, ಪಾಪ, ಆ ಕೂಸನ್ನ ಯಾಕೆ ಕಟ್ಟಿಹಾಕ್ತೀರಿ?’ ಈ ಮಾತಿನ ಹಿಂದಿರುವ ಅಕ್ಕರೆ ದೊಡ್ಡದು. ಆದರೆ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಗುದ್ದಿ ಅರ್ಧ ಮೀಟರಿನೊಳಗೆ ನಿಂತಿತು ಎನ್ನೋಣ. ಆಗ 10 ಕಿಲೋ ತೂಕದ ಮಗುವನ್ನು ಹಿಡಿದಿಡಲು ಸುಮಾರು 200 ಕಿಲೋ ಭಾರ ಎತ್ತುವಷ್ಟು ಬಲ ಬೇಕು, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಎಂಥ ಗಟ್ಟಿಮುಟ್ಟಾದ ತೋಳಿಗೂ ಇದು ಆಗದ ಕೆಲಸ. ಎತ್ತಿಕೊಂಡವರು ಬೆಲ್ಟ್ ಹಾಕಿರದಿದ್ದರೆ ಅವರ ಮೈಭಾರವೂ ಮಗುವಿನ ಮೇಲೆಯೇ ಬೀಳುತ್ತದೆ.

ನನ್ನ ಅಮ್ಮನೂ ಇದೇ ಮಾತು ಆಡುತ್ತಿದ್ದವರು. ತಂಗಿಯ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿಬಂದ ಮೇಲೆ ಅವರ ದನಿಯೇ ಬದಲಾಯಿತು. ಆ ರಾಜ್ಯದಲ್ಲಿ 2017ರ ಜನವರಿಯಿಂದ ಎರಡು ವರ್ಷದೊಳಗಿನ ಮಗು ಹಿಂದಕ್ಕೆ ಮುಖ ಮಾಡಿದ ಸೀಟಿನಲ್ಲೇ ಕೂರಬೇಕೆಂಬ ಕಾನೂನಿದೆ. ಸುಮಾರು 18 ಕಿಲೋ ತೂಕ ಅಥವಾ ನೂರು ಸೆಂಟಿಮೀಟರ್ ಎತ್ತರ ದಾಟಿದ ಮಕ್ಕಳಿಗಷ್ಟೇ ವಿನಾಯಿತಿ. ಸೀಟು ಸರಿಯಾಗಿ ಕೂತಿದೆಯೇ ಎಂದು ನೋಡಿ ಹೇಳುವ, ಅದಕ್ಕಾಗಿಯೇ ತರಬೇತಿ ಪಡೆದವರು ಅಲ್ಲಿ ಸಿಗುತ್ತಾರೆ. ಅಂಥ ಒಬ್ಬರು ತಂಗಿಯ ಕಾರಿನ ಬಾಗಿಲು ತೆಗೆದು, ಕಲಿಯಬೇಕಾದವರು ತಾಯಿ ತಂದೆ ಮಾತ್ರವಲ್ಲ ಎಂದು ಅಮ್ಮನನ್ನೇ ಮುಂದೆ ಕರೆದರಂತೆ. ಹೆಗಲ ಮೇಲಿನ ಪಟ್ಟಿಯನ್ನು ಬಿಗಿದ ಮೇಲೆ, ಕೊರಳೆಲುಬಿನ ಹತ್ತಿರ ಅದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಚಿವುಟಿ ನೋಡಬೇಕು. ಪಟ್ಟಿ ಮಡಿಕೆಯಾಗಿ ಬೆರಳಿಗೆ ಸಿಕ್ಕಿತೋ, ಇನ್ನೂ ಸಡಿಲವಿದೆ. ಬೆರಳು ಜಾರಿತೋ, ಸರಿಯಾಗಿದೆ. ಅಮ್ಮ ಈಗ ಮದುವೆ ಮುಂಜಿಗಳಲ್ಲಿ ಮೊಮ್ಮಕ್ಕಳಿರುವ ಯಾರ ಕಾರು ಕಂಡರೂ ಈ ಚಿವುಟುವ ಪಾಠ ಮಾಡುತ್ತಾರೆ. ನಾವು ಓದಿ ಹೇಳಿದ್ದಕ್ಕಿಂತ ಅವರು ಕೈಯಲ್ಲಿ ತೋರಿಸಿದ್ದು ಬಂಧುಗಳ ಮನಸ್ಸಿಗೆ ಬೇಗ ನಾಟಿದೆ.

ಹಿಂದಕ್ಕೆ ಮುಖ ಯಾಕೆ? ಹುಟ್ಟಿದ ಮಗುವಿನ ಒಟ್ಟು ಉದ್ದದಲ್ಲಿ ತಲೆಯೇ ಕಾಲು ಭಾಗ. ದೊಡ್ಡವರಲ್ಲಿ ಅದು ಏಳರಲ್ಲಿ ಅಥವಾ ಎಂಟರಲ್ಲಿ ಒಂದು ಪಾಲು. ಕತ್ತಿನ ಮೂಳೆಗಳು ಆಗಿನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮುಂದಕ್ಕೆ ಮುಖ ಮಾಡಿ ಕೂತ ಮಗುವಿನ ಎದೆಯನ್ನು ಪಟ್ಟಿ ಹಿಡಿದರೂ ಭಾರದ ತಲೆ ಮುಂದಕ್ಕೆ ಚಿಮ್ಮಿ, ಎಳೆತವೆಲ್ಲ ಆ ಎಳೆಯ ಕತ್ತಿನ ಮೇಲೆ ಬೀಳುತ್ತದೆ. ಹಿಮ್ಮುಖವಾಗಿ ಕೂತಿದ್ದರೆ ಬೆನ್ನು, ಕತ್ತು, ತಲೆ ಮೂರನ್ನೂ ಸೀಟಿನ ಒರಗು ಒಟ್ಟಿಗೆ ತಡೆದುಕೊಳ್ಳುತ್ತದೆ.

ಈ ವಿಚಾರ ಹೊಳೆದದ್ದು ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ಪ್ರಾಧ್ಯಾಪಕರಿಗೆ. ಅಮೆರಿಕದ ಜೆಮಿನಿ ಗಗನಯಾನಿಗಳು ಬೆನ್ನು ಒರಗಿಸಿ ಮಲಗಿದಂತೆ ಕೂರುವ ಆಸನ ಅವರಿಗೆ ಪ್ರೇರಣೆಯಾಯಿತು. 1964ರಲ್ಲಿ ವೋಲ್ವೊ ಕಂಪನಿ ಹಿಮ್ಮುಖ ಸೀಟಿನ ಮೊದಲ ಮಾದರಿಯನ್ನು ಪರೀಕ್ಷಿಸಿತು. ದೊಡ್ಡ ಮಕ್ಕಳಿಗೆ ಕಾರಿನ ಬೆಲ್ಟ್ ಸರಿಯಾಗಿ ಕೂರುವಂತೆ ಅವರನ್ನು ಎತ್ತರಿಸುವ ಬೂಸ್ಟರ್ ದಿಂಬನ್ನು 1978ರಲ್ಲಿ ತಂದದ್ದೂ ಅದೇ ಕಂಪನಿ. ಇವತ್ತಿಗೂ ಸ್ವೀಡನ್ನಿನಲ್ಲಿ ನಾಲ್ಕು ವರ್ಷದವರೆಗೆ ಮಕ್ಕಳನ್ನು ಹಿಮ್ಮುಖವಾಗಿ ಕೂರಿಸುವ ರೂಢಿಯಿದೆ. ಅಷ್ಟು ದೊಡ್ಡ ಮಗುವಿನ ಕಾಲು ಎಲ್ಲಿಡುವುದು ಎಂಬ ಚಿಂತೆ ಎಲ್ಲ ತಾಯಂದಿರದು. ನನ್ನ ಮಗಳು ಚಕ್ಕಳಮಕ್ಕಳ ಹಾಕಿಕೊಂಡು, ಇಲ್ಲವೇ ಕಾಲುಗಳನ್ನು ಒರಗಿನ ಮೇಲೆ ಚಾಚಿಕೊಂಡು, ಸಕಲೇಶಪುರದ ದಾರಿಯುದ್ದಕ್ಕೂ ಹಾಯಾಗಿ ಕೂತು ಬರುತ್ತಿದ್ದಳು. ಮೊದಲ ಹುಟ್ಟುಹಬ್ಬ ಆಯಿತೆಂದು ಸೀಟು ಮುಂದಕ್ಕೆ ತಿರುಗಿಸುವ ಆತುರ ಬೇಡವೇ ಬೇಡ. ಯುರೋಪಿನ ಆರ್129 ನಿಯಮ ಕನಿಷ್ಠ 15 ತಿಂಗಳವರೆಗೆ ಹಿಮ್ಮುಖ ಕಡ್ಡಾಯ ಎನ್ನುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ವಯಸ್ಸಿನ ಗಡಿಯನ್ನೇ ಬಿಟ್ಟು, ಆ ಸೀಟು ತಾಳುವ ತೂಕ, ಎತ್ತರ ಮುಟ್ಟುವವರೆಗೂ ಹಿಮ್ಮುಖವೇ ಇರಲಿ ಎಂದಿತು. ನನಗೆ ಸರಿ ಕಂಡದ್ದು ಈ ಎರಡನೆಯದು. ಹಿಮ್ಮುಖದಿಂದ ಮುಮ್ಮುಖಕ್ಕೆ, ಪಟ್ಟಿಯಿಂದ ಬೂಸ್ಟರಿಗೆ, ಬೂಸ್ಟರಿನಿಂದ ಬರೀ ಬೆಲ್ಟಿಗೆ ದಾಟಿದಾಗಲೆಲ್ಲ ಮಗುವಿಗಿರುವ ರಕ್ಷಣೆ ಸ್ವಲ್ಪ ಕಡಿಮೆಯೇ ಆಗುತ್ತದೆ. ದಾಟಲೇಬೇಕಾದಾಗ ದಾಟಿದರೆ ಸಾಕು.

ಕೊಳ್ಳುವಾಗ ಬೆಲೆಗಿಂತ ಮೊದಲು ಸೀಟಿನ ಬೆನ್ನಿಗೆ ಅಂಟಿಸಿರುವ ಚೀಟಿ ನೋಡಬೇಕು. ನಮ್ಮ ದೇಶದ ಮಾನದಂಡ ಎಐಎಸ್-072. ಯುರೋಪಿನಿಂದ ಬಂದವುಗಳ ಮೇಲೆ ಆರ್44 ಅಥವಾ ಆರ್129 ಎಂದಿರುತ್ತದೆ. ಆರ್44 ಸೀಟುಗಳನ್ನು ತೂಕದ ಮೇಲೆ ವಿಂಗಡಿಸಿದ್ದಾರೆ: 13 ಕಿಲೋವರೆಗೆ, 9ರಿಂದ 18, 15ರಿಂದ 25, 22ರಿಂದ 36 ಕಿಲೋ. ಆರ್129ರಲ್ಲಿ ಎತ್ತರವೇ ಮುಖ್ಯ. ಯಾವ ಗುರುತೂ ಇಲ್ಲದ, ಬಟ್ಟೆ ಮತ್ತು ಎರಡು ಪಟ್ಟಿ ಮಾತ್ರ ಇರುವ ಅಗ್ಗದ ‘ಕಾರ್ ಸೀಟು’ಗಳೂ ಮಾರಾಟಕ್ಕಿವೆ. ಅವನ್ನು ಮುಟ್ಟಬೇಡಿ. ಸೆಕೆಂಡ್‌ಹ್ಯಾಂಡ್ ಸೀಟು ತೆಗೆದುಕೊಳ್ಳುವುದಾದರೆ ಅದು ಅಪಘಾತ ಕಂಡಿಲ್ಲವೆಂದು ಖಾತ್ರಿಯಿರುವ ಮನೆಯಿಂದ ಮಾತ್ರ. ಪ್ಲಾಸ್ಟಿಕ್ಕಿಗೂ ಆಯುಸ್ಸು ಎಂಬುದಿದೆ. ತಯಾರಾದ ತಾರೀಖು ಸೀಟಿನ ಮೇಲೆಯೇ ಇರುತ್ತದೆ.

ದುಬಾರಿ ಸೀಟು ನಮ್ಮ ಕಾರಿನಲ್ಲಿ ಸರಿಯಾಗಿ ಕೂರದಿದ್ದರೆ ಪ್ರಯೋಜನವಿಲ್ಲ. ಅಂಗಡಿಗೆ ಕಾರನ್ನೂ ಮಗುವನ್ನೂ ಕರೆದುಕೊಂಡೇ ಹೋಗಬೇಕು. ಹಿಂದಿನ ಸೀಟಿನ ಒರಗು ಮತ್ತು ಕೂರುವ ಜಾಗದ ಸಂದಿಯಲ್ಲಿ ಕೈಯಾಡಿಸಿದರೆ ಎರಡು ಕಬ್ಬಿಣದ ಬಳೆಗಳು ಸಿಗುತ್ತವೆ. ಐಸೋಫಿಕ್ಸ್ ಎಂದರೆ ಅದೇ. ಸೀಟಿನ ಕೊಂಡಿಗಳು ಅವಕ್ಕೆ ಟಕ್ಕೆಂದು ಕಚ್ಚಿಕೊಂಡಾಗ ಹಸಿರು ಗುರುತು ಕಾಣುತ್ತದೆ. ಮುಮ್ಮುಖ ಸೀಟಿಗೆ ಮೇಲಿನಿಂದ ಬರುವ ಮೂರನೆಯ ಪಟ್ಟಿಯೊಂದಿದ್ದರೆ ಅದನ್ನೂ ಕಾರಿನ ಹಿಂಬದಿಯ ಕೊಂಡಿಗೆ ಬಿಗಿಯಬೇಕು. ಬಹಳ ಜನ ಇದನ್ನು ಸುತ್ತಿ ಹಾಗೇ ಬಿಟ್ಟಿರುತ್ತಾರೆ. ಐಸೋಫಿಕ್ಸ್ ಇಲ್ಲದ ಹಳೆಯ ಕಾರಾದರೆ ಬೆಲ್ಟಿನಿಂದಲೇ ಕಟ್ಟುವ ಸೀಟು ಕೊಳ್ಳಬಹುದು. ಅದನ್ನು ಕಟ್ಟುವಾಗ ಒಂದು ಮಂಡಿಯೂರಿ ಮೈಭಾರ ಹಾಕಿ ಬೆಲ್ಟ್ ಎಳೆಯಬೇಕು. ಆಮೇಲೆ ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿಯಬಾರದು. ಅಮೆರಿಕದಂಥ ಕಡೆಯೇ ಸರ್ಕಾರಿ ಅಧ್ಯಯನವೊಂದರಲ್ಲಿ ಶೇ 46ರಷ್ಟು ಸೀಟುಗಳ ಬಳಕೆಯಲ್ಲಿ ಏನಾದರೊಂದು ತಪ್ಪು ಕಂಡುಬಂದಿತ್ತು. ಸರಿಯಾಗಿ ಬಳಸಿದರೆ ಕಾರಿನಲ್ಲಿ ಕೂಸುಗಳ ಸಾವಿನ ಅಪಾಯ ಶೇ 71ರಷ್ಟು ಕಡಿಮೆಯಾಗುತ್ತದೆ ಎನ್ನುವುದೂ ಅಲ್ಲಿನ ಸರ್ಕಾರದ ಅಂದಾಜೇ.

ಮುಂದಿನ ಸೀಟಿನ ವಿಚಾರದಲ್ಲಿ ಮಾತ್ರ ಯಾರ ದಾಕ್ಷಿಣ್ಯಕ್ಕೂ ಒಳಗಾಗಬಾರದು. 2024ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮುಂದಿನ ಸೀಟಿನಲ್ಲಿ ತಾಯಿಯ ಮಡಿಲಲ್ಲಿದ್ದ ಎರಡು ವರ್ಷದ ಕೂಸು, ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಂಡಾಗ ತೀರಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ನವಿ ಮುಂಬೈಯ ವಾಶಿಯಲ್ಲಿ ಮುಂದೆ ಕೂತಿದ್ದ ಆರು ವರ್ಷದ ಬಾಲಕನಿಗೂ ಇದೇ ಗತಿಯಾಯಿತು. ದೊಡ್ಡವರ ಜೀವ ಉಳಿಸುವ ಏರ್‌ಬ್ಯಾಗ್ ಚಿಕ್ಕವರಿಗೆ ಮಾರಕ. ಹಿಮ್ಮುಖ ಸೀಟನ್ನಂತೂ ಏರ್‌ಬ್ಯಾಗ್ ಇರುವ ಕಡೆ ಇಡಲೇಕೂಡದು. ಬಿಸಿಲುತಡೆ ಮಡಿಸಿ ನೋಡಿ, ಅಲ್ಲಿ ಇದರ ಎಚ್ಚರಿಕೆಯ ಚಿತ್ರವೇ ಇರುತ್ತದೆ. ಹದಿಮೂರು ತುಂಬುವವರೆಗೆ ಮಕ್ಕಳ ಜಾಗ ಹಿಂದೆಯೇ.

ಕಾನೂನು ನಮ್ಮಲ್ಲೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194ಬಿ ಕಲಮಿನ ಪ್ರಕಾರ, 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದೆ ಕರೆದೊಯ್ದರೆ ಸಾವಿರ ರೂಪಾಯಿ ದಂಡ. 2024ರ ಅಕ್ಟೋಬರಿನಲ್ಲಿ ಕೇರಳದ ಸಾರಿಗೆ ಆಯುಕ್ತರು ಇದನ್ನು ಜಾರಿಗೆ ತರುವುದಾಗಿ ಪ್ರಕಟಿಸಿದರು. ಬೆನ್ನಲ್ಲೇ ಅಲ್ಲಿನ ಸಾರಿಗೆ ಸಚಿವರು ಸದ್ಯಕ್ಕೆ ದಂಡ ಹಾಕುವುದಿಲ್ಲ ಎಂದುಬಿಟ್ಟರು. ದಂಡ ಬೀಳಲಿ ಬಿಡಲಿ, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಹೋಗುವ ಕಾರುಗಳ ಸನ್‌ರೂಫಿನಿಂದ ತಲೆ ಹೊರಗಿಟ್ಟ ಮಕ್ಕಳನ್ನು ನೋಡಿದಾಗ ಎದೆ ಝಲ್ಲೆನ್ನುತ್ತದೆ.

ಶಾಲೆಗೆ ಸೇರುವ ವಯಸ್ಸಿಗೆ ‘ಇನ್ನು ದೊಡ್ಡವನಾದ’ ಎಂದು ಸೀಟು ಅಟ್ಟ ಸೇರುವುದು ಸಾಮಾನ್ಯ. ಬೂಸ್ಟರಿನ ಕೆಲಸ ಶುರುವಾಗುವುದು ಆಗಲೇ. ಕಾರಿನ ಬೆಲ್ಟನ್ನು ದೊಡ್ಡವರ ಅಳತೆಗೆ ಮಾಡಿದ್ದಾರೆ. ಚಿಕ್ಕ ಮಗುವಿಗೆ ಅದು ಸೊಂಟದ ಮೂಳೆಯ ಮೇಲೆ ಕೂರದೆ ಹೊಟ್ಟೆಯ ಮೇಲೇರುತ್ತದೆ, ಹೆಗಲಿನ ಬದಲು ಕತ್ತು ಉಜ್ಜುತ್ತದೆ. ಗುದ್ದಿದಾಗ ಕರುಳು, ಬೆನ್ನುಮೂಳೆಗೆ ಪೆಟ್ಟಾಗುವುದು ಹೀಗೆ. ಕತ್ತಿಗೆ ತಾಗುವ ಬೆಲ್ಟನ್ನು ಕಂಕುಳ ಕೆಳಗೆ ಹಾಕಿ ಕೂರಿಸುವುದು ಇನ್ನೂ ಅಪಾಯ. ಸುಮಾರು 145 ಸೆಂಟಿಮೀಟರ್ ಎತ್ತರವಾಗುವವರೆಗೆ, ಅಂದರೆ ಬಹುಪಾಲು ಮಕ್ಕಳಿಗೆ ಎಂಟರಿಂದ ಹನ್ನೆರಡು ವರ್ಷದ ನಡುವೆ, ಬೂಸ್ಟರ್ ಬೇಕು. ಬೆನ್ನಿಗೆ ಒರಗು ಇರುವ ಬೂಸ್ಟರಾದರೆ ನಿದ್ದೆಗೆ ಜಾರಿದ ಮಗುವಿನ ತಲೆಗೂ ಆಸರೆ. ಬೆನ್ನು ಪೂರ್ತಿ ಒರಗಿ ಕೂತಾಗ ಮಂಡಿ ಸೀಟಿನ ಅಂಚಿನಲ್ಲಿ ಮಡಿಚುತ್ತದೆಯೇ, ಕೆಳಗಿನ ಬೆಲ್ಟ್ ತೊಡೆಯ ಬುಡದಲ್ಲಿದೆಯೇ, ಮೇಲಿನದು ಹೆಗಲ ನಡುವೆ ಹಾಯುತ್ತದೆಯೇ, ದಾರಿಯುದ್ದಕ್ಕೂ ಹಾಗೆಯೇ ಕೂರಬಲ್ಲದೇ? ಎಲ್ಲಕ್ಕೂ ಹೌದು ಎಂದಾದ ಮೇಲೆ ಬೂಸ್ಟರ್ ತೆಗೆಯಬಹುದು. ಮಕ್ಕಳಿಗೆ ಬೂಸ್ಟರ್ ಒಗ್ಗುವುದಿಲ್ಲ ಎನ್ನುವವರಿದ್ದಾರೆ. ನಮ್ಮ ಮಗಳಿಗೆ ಅದು ಇಷ್ಟವಾದದ್ದು ಕಿಟಕಿಯಾಚೆಯ ಕೆರೆ, ಗುಡ್ಡ ಚೆನ್ನಾಗಿ ಕಾಣುತ್ತದೆಂಬ ಕಾರಣಕ್ಕೆ.

ಪಕ್ಕದಲ್ಲಿ ಕೂತ ದೊಡ್ಡವರು ಬೆಲ್ಟ್ ಹಾಕದಿದ್ದರೆ ಮಗುವಿನ ಸೀಟು ಎಷ್ಟೇ ಬಿಗಿಯಾಗಿದ್ದರೂ ಅವರೇ ಅದರ ಮೇಲೆ ಅಪ್ಪಳಿಸುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಸತ್ತಾಗ ಅವರು ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂತಿದ್ದರು. ನಮ್ಮ ಊರಿನ ಕ್ಯಾಬುಗಳಲ್ಲಿ ಹಿಂದಿನ ಬೆಲ್ಟಿನ ಬಕಲ್ ಸೀಟ್ ಕವರಿನಡಿ ಹೂತುಹೋಗಿರುತ್ತದೆ. ಹೊರಡುವ ಮೊದಲೇ ‘ಅಣ್ಣ, ಸ್ವಲ್ಪ ಕವರ್ ಎತ್ತಿ ಬಕಲ್ ತೆಗೀತೀರಾ’ ಎಂದು ಕೇಳಿದರೆ ಚಾಲಕರು ತೆಗೆದುಕೊಡುತ್ತಾರೆ. ಹಗುರವಾದ ಬೂಸ್ಟರನ್ನು ಜತೆಗೊಯ್ಯುವುದು ಅಂಥ ಕಷ್ಟವೇನಲ್ಲ.

ಘಾಟಿ ದಾರಿಯಲ್ಲಿ ವಾಂತಿಯಾದರೆ ಸೀಟಿನ ಹೊದಿಕೆ ಬಿಚ್ಚಿ ಒಗೆಯಬಹುದು. ಪಟ್ಟಿಗಳನ್ನು ಮಾತ್ರ ನೆನೆಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಸೋಪಿನಲ್ಲಿ ನೆನೆದರೆ ಎಳೆಗಳು ಬಲ ಕಳೆದುಕೊಳ್ಳುತ್ತವೆ. ದಪ್ಪ ಸ್ವೆಟರ್ ತೊಡಿಸಿ ಪಟ್ಟಿ ಬಿಗಿಯಬೇಡಿ. ಪಟ್ಟಿ ಬಿಗಿದ ಮೇಲೆ ಶಾಲು ಹೊದಿಸಿ.

ನಾಮಕರಣಕ್ಕೆ ಏನು ಕೊಡಲಿ ಎಂದು ಸೋದರಮಾವನೋ ಅಜ್ಜನೋ ಕೇಳುತ್ತಾರೆ. ಬೆಳ್ಳಿ ಬಟ್ಟಲು, ಕಾಲ್ಗೆಜ್ಜೆ ಹೇಗೂ ಬರುತ್ತವೆ. ಕಾರಿರುವ ಮನೆಯವರು ಸಂಕೋಚ ಬಿಟ್ಟು ಹಿಮ್ಮುಖ ಸೀಟು ಬೇಕೆನ್ನಿ, ಕಾರಿನ ಮಾದರಿ, ಇಸವಿ ತಿಳಿಸಿ. ಬಿಲ್ ಕೂಡ ಇಸಿದಿಟ್ಟುಕೊಳ್ಳಿ, ಕಾರಿಗೆ ಹೊಂದದಿದ್ದರೆ ಬದಲಾಯಿಸಲು ಬೇಕಾಗುತ್ತದೆ.